ನಮ್ಮನ್ನು ಕೇಳಿ ಕಟ್ಟಿದ ಕಮಾನು

ಊರಿನ ಅಭಿವೃದ್ಧಿಯನ್ನು ಜನರನ್ನು ಕೇಳಿಯೇ ಮಾಡುತ್ತಾರಂತೆ. ಹಾಗೆ ಕೇಳಿದಾಗಲೆಲ್ಲ ನನಗೆ ಬಿಪಿ ಏರುತ್ತದೆ, ಆದರೂ ಸಭೆಗೆ ಹೋಗುವುದನ್ನು ಬಿಟ್ಟಿಲ್ಲ. ನಾನು ಬೀದರ ಕಡೆಯವನು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದು ರಿಟೈರಾದ ಮೇಲೆ ಅಲ್ಲೇ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಕೊಂಡೆ. ಇಲ್ಲಿ ಮಾತೆಲ್ಲ ಮರಾಠಿ. ಸಿಟ್ಟು ಮಾತ್ರ ನನಗೆ ಕನ್ನಡದಲ್ಲೇ ಬರುವುದರಿಂದ, ಎಲ್ಲರ ಮಾತನ್ನೂ ನಮ್ಮ ಕಡೆಯ ಭಾಷೆಯಲ್ಲೇ ಹೇಳುತ್ತೇನೆ.

೧. ನೋಟಿಸು

ಮುಂದಿನ ವರ್ಷದ ಕೆಲಸಗಳನ್ನು ಆರಿಸಲು ಗ್ರಾಮಸಭೆ ಇದೆ ಎಂದು ಕೇಳಿದ್ದೆ. ಯಾವತ್ತು ಎಂದು ವಿಚಾರಿಸಲು ಹೋದರೆ ಪಂಚಾಯತಿ ಸಿಪಾಯಿ, "ನಿನ್ನೆನೇ ಮುಗೀತಲ್ರಿ ಸಾಹೇಬ್ರ" ಎಂದ.

"ನೋಟಿಸು ಎಲ್ಲಿ ಹಚ್ಚಿದ್ರಿ?"

ಕಪಾಟಿನ ಬಾಗಿಲು ತೆಗೆದು, ಒಳಬದಿಗೆ ಅಂಟಿಸಿದ್ದನ್ನು ತೋರಿಸಿದ.

"ಇದನ್ನ ಹೊರಗ ಹಚ್ಚಾಕ ಏನಾಗಿತ್ತು?" ಎಂದು ಕೂಗಿದೆ.

"ಹೊರಗ ಹಚ್ಚಿದ್ರ ಜನಾ ಬಂದುಬಿಡ್ತಾರ್ರಿ!"

೨. ಕಾರಂಜಿ

ಸಂಭಾಜಿನಗರದಲ್ಲಿ ಮಗಳ ಮನೆ. ಅಲ್ಲಿ ನಲ್ಲಿಗೆ ನೀರು ಬಂದ ದಿನವೇ ಹಬ್ಬ. ನಾನು ಹೋಗಿದ್ದಾಗ ವಾರ್ಡಿನ ಸಭೆ ಕರೆದರು. ಬೀಗಿತಿಯ ಜೊತೆ ನಾನೂ ಹೋದೆ. ಅಧಿಕಾರಿ ಒಂದು ಫಾರ್ಮ್ ಕೊಟ್ಟ. ಕಾರಂಜಿ, ಬಣ್ಣದ ದೀಪ, ಸೆಲ್ಫಿ ಪಾಯಿಂಟ್. ಯಾವುದಾದರೂ ಒಂದಕ್ಕೆ ಟಿಕ್ ಮಾಡಬೇಕು.

"ನಮಗ ನೀರು ಬೇಕ್ರಿ" ಎಂದರು ಬೀಗಿತಿ.

"ಫಾರ್ಮಿನಾಗ ಅದು ಇಲ್ರಿ ಬಾಯಿ. ಕಾರಂಜಿಗೆ ಟಿಕ್ ಮಾಡ್ರಿ, ಅದರಾಗೂ ನೀರು ಇರ್ತದಲ್ಲ."

ಬೀಗಿತಿ ಗಟ್ಟಿಯಾಗಿ ಟಿಕ್ ಹಾಕಿದರು. "ಆಯ್ತು, ಕಾರಂಜಿನೇ ಕಟ್ರಿ. ಆದ್ರ ನಮ್ಮ ಮನಿ ನೀರಿನ ಟಾಕಿ ಮ್ಯಾಲೆ ಕಟ್ರಿ!"

೩. ಸಹಿ

ನಮ್ಮ ಹಳ್ಳಿಯ ಸ್ಮಶಾನಕ್ಕೆ ಶೆಡ್ಡಿಲ್ಲ. ಪಕ್ಕದ ಮನೆಯ ಮುದುಕ ಮಳೆಗಾಲದಲ್ಲಿ ತೀರಿಕೊಂಡಾಗ ನಾವು ನಾಲ್ವರು ಚಿತೆಯ ಮೇಲೆ ತಾಡಪತ್ರಿ ಹಿಡಿದು ನಿಂತಿದ್ದೆವು. ಎರಡು ಸಲ ಬೆಂಕಿ ಆರಿತು. ಅವನ ಹೆಂಡತಿ ಅಳುವುದನ್ನೂ ಮರೆತು ಕಟ್ಟಿಗೆ ಒರೆಸುತ್ತ ಕೂತಿದ್ದಳು. ಶೆಡ್ಡು ಕೇಳಿ ಅರ್ಜಿ ಕೊಟ್ಟೆವು. ಊರಬಾಗಿಲಿಗೆ ಸ್ವಾಗತ ಕಮಾನು ಎದ್ದು ನಿಂತಿತು.

ಮುಂದಿನ ಗ್ರಾಮಸಭೆಯಲ್ಲಿ, "ಕಮಾನು ಯಾರು ಕೇಳಿದ್ರು? ರಿಜಿಸ್ಟರ್ ಓದ್ರಿ" ಎಂದು ಹಟ ಹಿಡಿದೆ. ಗ್ರಾಮಸೇವಕ ಓದಿದ. ಶೆಡ್ಡು ಸದ್ಯಕ್ಕೆ ಬೇಡ, ಕಮಾನು ಬೇಕು ಎಂದು ಸೂಚಿಸಿದವರ ಹೆಸರು ಬಂತು. ಅದೇ ಮುದುಕ! ಕಮಾನು ಬೇಕೆಂದು ಬರೆದ ಆ ಸಭೆ ನಡೆದದ್ದೇ ಅವನು ಸತ್ತು ಎರಡು ತಿಂಗಳಾದ ಮೇಲೆ.

ಅವನ ಹೆಂಡತಿ ಎದ್ದು ನಿಂತಳು. "ಮಳಿಯಾಗ ಅರ್ಧಂಬರ್ಧ ಸುಟ್ಟ ಮನಷ್ಯಾ ಎದ್ದು ಬಂದು ಶೆಡ್ಡು ಬ್ಯಾಡ ಅಂದನೇನ್ರಿ?"

ಸರಪಂಚ ತಡಬಡಿಸಿದ. "ಏನೋ ತಪ್ಪಾಗ್ಯದ ಬಿಡ್ರಿ ಆಯಿ."

ನಾವು ಬಿಡಲಿಲ್ಲ. ಬಾಗಿಲಿಗೆ ಅಡ್ಡ ಕೂತು, ಮೊದಲ ಕೆಲಸ ಶೆಡ್ಡು ಎಂದು ನಮ್ಮ ಕಣ್ಣೆದುರೇ ಠರಾವು ಬರೆಸಿದೆವು. ರಿಜಿಸ್ಟರ್ ಮುದುಕಿಯ ಮುಂದೆ ಬಂತು. ಹೆಬ್ಬೆಟ್ಟು ಒತ್ತಿದಳು. ಆಮೇಲೆ ಹಿಂದಿನ ಹಾಳೆ ತಿರುವಿಸಿ, ಗಂಡನ ಹೆಸರಿನ ಮುಂದಿದ್ದ ಇಂಗ್ಲಿಷ್ ಸಹಿಯನ್ನು ದಿಟ್ಟಿಸಿ ನೋಡಿದಳು.

"ಇವರೂ ನನ್ನಂಗ ಹೆಬ್ಬೆಟ್ಟಿನವರೇ ಇದ್ರು. ಸತ್ತ ಮ್ಯಾಲೆ ಎರಡೇ ತಿಂಗಳದಾಗ ಇಂಗ್ಲಿಷ್ ಕಲಿಸೋ ಸಾಲಿ ಎಲ್ಲಿ ಅದ ಹೇಳ್ರಿ ಸರಪಂಚ್ರ, ನಿಮ್ಮನ್ನೂ ಅಲ್ಲೇ ಹಚ್ಚತೀನಿ!"