ನಮ್ಮ ಗಲ್ಲಿಗೆ ನಾನು ಬಿಸಿಲು ತಂದದ್ದು

ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಹೈಸ್ಕೂಲ್ ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದವನು ನಾನು. ಚಿತ್ರಕಲಾ ಮಾಸ್ತರ. ಆದ್ದರಿಂದ ಚಿಕ್ಕೋಡಿಯ ನಮ್ಮ ಗಲ್ಲಿಗೆ ಚಳಿಗಾಲದಲ್ಲಿ ಬಿಸಿಲಿನ ವ್ಯವಸ್ಥೆ ಮಾಡಲು ನನಗಿಂತ ಯೋಗ್ಯ ಮನುಷ್ಯ ಸಿಗಲಾರ ಎಂದು ನನಗೆ ಅನ್ನಿಸಿತು. ಬೇರೆ ಯಾರಿಗೂ ಹಾಗೆ ಅನ್ನಿಸಿರಲಿಲ್ಲ ಎಂಬುದು ಬೇರೆ ಮಾತು.

ನಮ್ಮದು ಇಕ್ಕಟ್ಟಾದ ಗಲ್ಲಿ. ಒಂದು ಮಗ್ಗಲಿಗೆ ನಮ್ಮ ಮನೆ, ಎದುರು ಮಗ್ಗಲಿಗೆ ಕಿರಾಣಿ ಅಂಗಡಿಯ ಭೂಪಾಲಣ್ಣನ ಎರಡಂತಸ್ತಿನ ಮನೆ, ಅದರ ಬಗಲಿಗೆ ಒಂದು ಖಾಲಿ ಜಾಗ. ಡಿಸೆಂಬರ್ ಬಂತೆಂದರೆ ಮಂದಿ ಮುಂಜಾನೆ ಮಫ್ಲರ್ ಸುತ್ತಿಕೊಂಡು, ಕಂಬಳಿ ಹೊದ್ದುಕೊಂಡು, ಬಿಸಿಲು ಬಿದ್ದಲ್ಲಿ ದಾರಿ ನಡುವೆಯೇ ನಿಂತುಬಿಡುತ್ತಾರೆ. ಬೈಕಿನವರು ಹಾರ್ನ್ ಹೊಡೆಯುತ್ತಾರೆ, ಇವರು ಬೈಯುತ್ತಾರೆ. ಪಕ್ಕದ ಮನೆಯ ಮುದುಕಿ ಅಕ್ಕಾತಾಯಿ ಒಮ್ಮೆ ಕಬ್ಬಿನ ಟ್ರ್ಯಾಕ್ಟರನ್ನೇ ತಡೆದು, ತನ್ನ ಬೆನ್ನು ಬೆಚ್ಚಗಾಗುವ ತನಕ ದಾರಿ ಬಿಟ್ಟಿರಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಬರ್ಫ ಬೀಳುವ ದೇಶದವರು ಚಳಿಗಾಲಕ್ಕೆಂದೇ ಊರು ಕಟ್ಟುತ್ತಾರಂತೆ. ಬಿಸಿಲು ಬೀಳುವ ಕಡೆ ಬೆಂಚು, ಗಾಳಿ ಬೀಸುವ ಕಡೆ ಗೋಡೆ. ಒಂದು ಊರಲ್ಲಂತೂ ಗುಡ್ಡದ ಮೇಲೆ ಕನ್ನಡಿ ನಿಲ್ಲಿಸಿ, ಊರ ಚೌಕಕ್ಕೆ ಸೂರ್ಯನನ್ನೇ ಇಳಿಸಿದ್ದರು. ನನ್ನ ಮೈ ಜುಂ ಎಂದಿತು. ಹೆಂಡತಿ ಸುನಂದಾಗೆ ಎಲ್ಲವನ್ನೂ ವಿವರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಮೊದಲು ಬಚ್ಚಲ ಬಾಗಿಲಿನ ಚಿಲಕ ಸರಿಮಾಡಿರಿ, ಆಮೇಲೆ ಊರು ಸರಿಮಾಡುವಿರಂತೆ ಎಂದಳು. ಮಹಾಕಾರ್ಯಗಳಿಗೆ ಮೊದಲ ಅಡ್ಡಿ ಯಾವಾಗಲೂ ಅಡುಗೆಮನೆಯಿಂದಲೇ ಬರುತ್ತದೆ.

ನಾನು ಎದೆಗುಂದಲಿಲ್ಲ. ಎರಡು ರವಿವಾರ ಸ್ಥಳ ಸಮೀಕ್ಷೆ ನಡೆಸಿದೆ. ಎದ್ದು, ಚಹಾ ಕುಡಿದು, ಪೇಪರ್ ಓದಿ ಮುಗಿಸಿ ಹೊರಗೆ ನೋಡಿದರೆ ಭೂಪಾಲಣ್ಣನ ಗೋಡೆಯ ಬುಡದಲ್ಲಿ ತುಪ್ಪದಂಥ ಬಿಸಿಲು! ನಕ್ಷೆ ಬರೆದೆ, ಬಾಣದ ಗುರುತು ಹಾಕಿದೆ. ಭೂಪಾಲಣ್ಣ ಪಾಪ, ಮನೆ ಕಟ್ಟಿಸಿದಾಗ ನೆಲಕ್ಕೆ ಹಾಸಿ ಉಳಿದಿದ್ದ ದೊಡ್ಡ ಫರಸಿ ಕಲ್ಲು ಕೊಟ್ಟ. ನಾಲ್ಕು ಮಂದಿ ಸೇರಿ ಅದನ್ನು ಎರಡು ದಿಮ್ಮಿಗಳ ಮೇಲೆ ಕೂಡಿಸಿ, ಗೋಡೆಗೆ ತಾಗಿಸಿ ಬೆಂಚು ಮಾಡಿದೆವು.

ಸೋಮವಾರ ಏಳು ಗಂಟೆಗೆ ಉದ್ಘಾಟನೆ. ಕಾಯಿ ಒಡೆದದ್ದಾಯಿತು. ಮುಖ್ಯ ಅತಿಥಿ ಅಕ್ಕಾತಾಯಿ ಬೆಂಚಿನ ಮೇಲೆ ಕೂತಳು. ಕೂತಷ್ಟೇ ವೇಗದಲ್ಲಿ ಎದ್ದಳು.

“ಗುರೂಜಿ, ಕಟ್ಟಿ ಚಲೋ ಐತ್ರಿ,” ಎಂದಳು. “ಬ್ಯಾಸಿಗ್ಯಾಗ ಬಂದ ಕುಂದ್ರತೀನಿ.”

ಸೂರ್ಯ ಇನ್ನೂ ಭೂಪಾಲಣ್ಣನ ಮನೆಯ ಹಿಂದೆ ಇದ್ದ. ಅವನು ಆ ಮನೆ ದಾಟಿ ಗೋಡೆಯ ಬುಡಕ್ಕೆ ಇಳಿಯುವುದು ಹನ್ನೆರಡು ಗಂಟೆಯ ಮೇಲೆ, ಅಂದರೆ ಗಲ್ಲಿಯ ಮಂದಿಯೆಲ್ಲ ಕೆಲಸಕ್ಕೆ ಹೋದ ಮೇಲೆ. ರವಿವಾರ ನಾನು ಏಳುವ ಹೊತ್ತಿಗೆ ಸೂರ್ಯ ಅರ್ಧ ಕೆಲಸ ಮುಗಿಸಿರುತ್ತಾನೆ ಎಂಬ ಅಂಶ ಸಮೀಕ್ಷೆಯಲ್ಲಿ ಸೇರಿರಲಿಲ್ಲ. ಮಂದಿ ತಣ್ಣನೆಯ ಕಲ್ಲನ್ನೂ ನನ್ನನ್ನೂ ನೋಡಿ, ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು ಹೋದರು.

ಇನ್ನು ಉಳಿದದ್ದು ಕನ್ನಡಿ.

ನಮ್ಮ ಮನೆಯಲ್ಲಿ ಆಳುದ್ದದ ಕನ್ನಡಿ ಒಂದೇ. ಅದು ಸುನಂದಾಳ ತವರಿನಿಂದ ಬಂದದ್ದು. ಶನಿವಾರ ಆಕೆ ರಾಯಬಾಗದ ಅಕ್ಕನ ಮನೆಗೆ ಹೋದಳು. ರವಿವಾರ ನಾನು ಎಂದಿಲ್ಲದಂತೆ ಬೇಗ ಎದ್ದು, ಮಂಕಿ ಟೋಪಿ ಹಾಕಿಕೊಂಡು ಕನ್ನಡಿಯನ್ನು ಮಾಳಿಗೆಗೆ ಏರಿಸಿದೆ. ಆಕೆ ಬರುವುದರೊಳಗೆ ಮತ್ತೆ ಇದ್ದಲ್ಲೇ ಇಟ್ಟರಾಯಿತು ಎಂಬುದು ನನ್ನ ಲೆಕ್ಕ.

ಅಷ್ಟೊತ್ತಿಗೆ ಸೂರ್ಯ ನಮ್ಮ ಮಾಳಿಗೆಗೆ ಬಂದಿದ್ದ. ಕನ್ನಡಿ ವಾಲಿಸಿದೆ. ಬಿಸಿಲಿನ ಚೌಕವೊಂದು ಗಲ್ಲಿಗೆ ಇಳಿಯಿತು. ಮೊದಲು ಮಲಗಿದ್ದ ನಾಯಿಯ ಮೇಲೆ ಬಿತ್ತು, ನಾಯಿ ಓಡಿತು. ಆಮೇಲೆ ಬೆಂಚಿನ ಮೇಲೆ ನಿಂತಿತು. ಅಕ್ಕಾತಾಯಿ ಅನುಮಾನದಿಂದ ಬಂದು ಕೂತು, ನಿಧಾನಕ್ಕೆ ಕಣ್ಣು ಮುಚ್ಚಿ ಮುಗುಳ್ನಕ್ಕಳು.

ಆದರೆ ಸೂರ್ಯ ಒಂದೇ ಕಡೆ ನಿಲ್ಲುವವನಲ್ಲ. ಚೌಕ ಬೆಂಚು ಬಿಟ್ಟು ಸರಿಯತೊಡಗಿತು. ನಾನು ಕನ್ನಡಿಯನ್ನು ತುಸು ಮೇಲಕ್ಕೆ ವಾಲಿಸಿದೆ. ಅದು ಜಿಗಿದು ನೇರ ಭೂಪಾಲಣ್ಣನ ಕಿಟಕಿಯೊಳಗೆ ಹೊಕ್ಕಿತು.

ಒಳಗೆ ಏನಾಯಿತೆಂದು ನನಗೆ ತಿಳಿದದ್ದು ಆಮೇಲೆ. ಅವತ್ತು ಭೂಪಾಲಣ್ಣನ ಮಗಳು ಸುಜಾತಾಳನ್ನು ನೋಡಲು ನಿಪ್ಪಾಣಿಯಿಂದ ಬೀಗರಾಗುವವರು ಬಂದಿದ್ದರು. ಆಕೆ ಚಹಾದ ಟ್ರೇ ಹಿಡಿದು ಬಂದು ನಿಲ್ಲುವುದಕ್ಕೂ ನನ್ನ ಬಿಸಿಲು ಆಕೆಯ ಮುಖಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಹುಡುಗಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಹುಡುಗನ ಅಪ್ಪನ ಬಿಳಿ ಧೋತರದ ಮೇಲೆ ಚಹಾ ಚೆಲ್ಲಿದಳು. ಹುಡುಗನ ತಾಯಿ ಮೆಲ್ಲಗೆ, ಹುಡುಗಿಗೆ ಕಣ್ಣಿನ ತೊಂದರೆ ಎಷ್ಟು ದಿನದಿಂದ ಎಂದು ಕೇಳಿದರಂತೆ.

ಭೂಪಾಲಣ್ಣ ಕಿಟಕಿಗೆ ಓಡಿಬಂದು ಎರಡೂ ಕೈ ಎತ್ತಿ ಬೀಸಿದ. ಮಂಕಿ ಟೋಪಿಯೊಳಗಿನ ನನ್ನ ಕಿವಿಗೆ ಅವನ ಮಾತು ಕೇಳಲಿಲ್ಲ. ಮನೆಯೊಳಗೂ ಬಿಸಿಲು ಬಂದ ಸಂತೋಷಕ್ಕೆ ಮನುಷ್ಯ ಕೈ ಬೀಸುತ್ತಿದ್ದಾನೆ ಎಂದುಕೊಂಡೆ. ನೆರೆಯವನಿಗೆ ಕಡಿಮೆ ಮಾಡಬಾರದೆಂದು ಕನ್ನಡಿಯನ್ನು ಪೂರ್ತಿ ಅವನ ಕಡೆಗೇ ತಿರುಗಿಸಿದೆ. ಈಗ ಬಿಸಿಲು ಹುಡುಗನ ಮೇಲೆ. ಅವನು ಅವಲಕ್ಕಿಯ ಪ್ಲೇಟಿನಿಂದ ಮುಖ ಮುಚ್ಚಿಕೊಂಡ. ಪ್ಲೇಟಿನಲ್ಲಿ ಅವಲಕ್ಕಿ ಇನ್ನೂ ಇತ್ತು.

ಆಗ ಬಾಗಿಲು ತೆರೆದು ಸುಜಾತಾ ಹೊರಗೆ ಬಂದಳು. ಹೊಸ ಸೀರೆ, ಸೊಂಟದ ಮೇಲೆ ಕೈ.

“ಕಾಕಾ, ಆ ಕನ್ನಡಿ ಇಳಸ್ರಿ,” ಎಂದು ಮಂಕಿ ಟೋಪಿಯೊಳಗೂ ಕೇಳುವಂತೆ ಕೂಗಿದಳು. “ಅವರು ನನ್ನ ನೋಡಾಕ ಬಂದಾರ, ಎಕ್ಸ್‌ರೇ ತಗ್ಯಾಕ ಬಂದಿಲ್ಲ.”

ನಾನು ಅವಸರದಿಂದ ಇಳಿಸಹೋದೆ. ಕನ್ನಡಿ ಜಾರಿ, ನೀರಿನ ಟಾಕಿಗೆ ಬಡಿದು ನಡುವೆ ಸೀಳಿತು.

ಟೋಪಿಯಲ್ಲೇ ಕೆಳಗಿಳಿದು ಭೂಪಾಲಣ್ಣನ ಮನೆಗೆ ಓಡಿದೆ. ಕೈಮುಗಿದು ತಪ್ಪಾಯಿತೆಂದು ಹೇಳಿ ಸುಮ್ಮನಿರಬೇಕಿತ್ತು. ನಾನು ಜೇಬಿನಿಂದ ನಕ್ಷೆ ತೆಗೆದು ಬಿಚ್ಚಿದೆ. ಬರ್ಫದ ದೇಶದ ಊರುಗಳು, ಚಳಿಗಾಲದ ನಗರ ರಚನೆ, ಮುದುಕರ ಬೆನ್ನಿಗೆ ಬಿಸಿಲಿನ ಅಗತ್ಯ, ಎಲ್ಲವನ್ನೂ ವಿವರಿಸಿದೆ. ಹುಡುಗನ ಅಪ್ಪ ಧೋತರ ಒರೆಸಿಕೊಳ್ಳುತ್ತ ಗಂಭೀರವಾಗಿ ಕೇಳಿದರು. ಭೂಪಾಲಣ್ಣ ಗೋಡೆಗೆ ಒರಗಿಕೊಂಡು ನಿಂತಿದ್ದ. ಕೈಯಲ್ಲಿದ್ದ ಸಂಬಂಧ ಚಹಾದ ಜೊತೆ ಚೆಲ್ಲಿಹೋಯಿತು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಆ ಮುಖ ನೋಡಿ ನಾನು ನಕ್ಷೆ ಕೆಳಗಿಳಿಸಿದೆ.

ಸುಜಾತಾ ನಕ್ಷೆಯನ್ನು ಒಮ್ಮೆ ನೋಡಿದಳು. “ಕಾಕಾ, ನಿಮ್ಮ ಗೇಟಿನ ಎದರ ಖಾಲಿ ಜಾಗಾ ಐತಲ್ರಿ, ಅಲ್ಲಿಂದ ಏಳಕ್ಕನ ಬಿಸಲ ಬಂದ ನಿಮ್ಮ ಗೇಟಿಗೆ ಬೀಳತೈತಿ. ದಿನಾ. ನೀವು ಮಲಗಿರ್ತೀರಿ.”

ಮೂಗಿನ ಮೇಲೆ ಒಂದು ಶೇಂಗಾ ಕಾಳು ಅಂಟಿಸಿಕೊಂಡಿದ್ದ ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ತಾಯಿಯ ಕಡೆ ತಿರುಗಿ, “ಕಣ್ಣಿನ ಮಾತ ಬಿಡವ್ವಾ,” ಎಂದ. “ಈಕಿಗೆ ನಮ್ಮೆಲ್ಲಾರಕ್ಕಿಂತ ಚಲೋ ಕಾಣತೈತಿ.”

ಸಂಬಂಧ ಕೂಡಿತು. ಲಗ್ನದಲ್ಲಿ ನನಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿದರು. ಬೇಗ ಉಂಡು ಹೋಗಲಿ ಎಂಬುದು ಉದ್ದೇಶವಾಗಿತ್ತೆಂದು ಸುನಂದಾ ಹೇಳುತ್ತಾಳೆ. ಸೀಳಿದ ಕನ್ನಡಿಯನ್ನು ಆಕೆ ಬೇಕೆಂದೇ ಹಾಗೇ ಇಟ್ಟಿದ್ದಾಳೆ. ಅದರಲ್ಲಿ ನಾನು ಇಬ್ಬರಾಗಿ ಕಾಣುತ್ತೇನೆ, ಒಬ್ಬನನ್ನು ಸಂಭಾಳಿಸುವುದೇ ಕಷ್ಟವಿತ್ತು ಎನ್ನುತ್ತಾಳೆ.

ಬೆಂಚು ಈಗ ನಮ್ಮ ಗೇಟಿಗೆ ಅಡ್ಡವಾಗಿದೆ. ಸ್ಕೂಟರ್ ಹೊರಗೆ ಬರುವುದಿಲ್ಲ, ನಾನು ಶಾಲೆಗೆ ನಡೆದು ಹೋಗುತ್ತೇನೆ. ಮೊನ್ನೆ ರಜೆ ಇತ್ತು. ನನ್ನ ಕನಸಿನ ಬೆಂಚಿನಲ್ಲಿ ನಾನೂ ಒಮ್ಮೆ ಬಿಸಿಲು ಕಾಯಬೇಕೆಂದು ಏಳಕ್ಕೇ ಎದ್ದು ಹೋದೆ. ಬೆಂಚು ತುಂಬಿತ್ತು. ಯಾರಾದರೂ ಸರಿದು ಜಾಗ ಕೊಟ್ಟಾರೆಂದು ಅವರ ಮುಂದೆ ನಿಂತುಕೊಂಡೆ.

ಅಕ್ಕಾತಾಯಿ ಕಂಬಳಿಯೊಳಗಿಂದ ಮುಖ ಎತ್ತಿ ನೋಡಿದಳು.

“ಗುರೂಜಿ, ಜರಾ ಬಾಜೂಕ ಸರೀರಿ,” ಎಂದಳು. “ಬಿಸಲಿಗೆ ಅಡ್ಡ ನಿಂತೀರಿ.”