ಬೆಂಕಿ ಕಾಣದ ಚಹಾ

ನಮ್ಮ ಅತ್ತೆ ಇರುವ ಕಡೆ ಇಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಅವರು ಸುಮ್ಮನೆ ಕೂತಿದ್ದರೂ ನಡೆಯುತ್ತದೆ. ಈ ಸಲ ಅವರನ್ನು ಹಾಸನದಿಂದ ದೆಹಲಿಯ ಜನಕಪುರಿಗೆ ಕರೆಸಿಕೊಂಡದ್ದು ನನ್ನ ಸ್ವಾರ್ಥಕ್ಕೇ. ಮಗಳು ಇನ್ನೂ ಚಿಕ್ಕವಳು, ಗಂಡ ಬೆಳಗ್ಗೆ ಹೋದರೆ ಬರುವುದು ಸಂಜೆಗೇ, ನನ್ನ ರಜೆ ಮುಗಿದಿತ್ತು, ಸೋಮವಾರ ಕರೋಲ್ ಬಾಗಿನ ಆಫೀಸಿಗೆ ಹಾಜರಾಗಬೇಕಿತ್ತು. ಅತ್ತೆ ನಿಂತರೆ ನನ್ನ ಕೆಲಸ ಉಳಿಯುತ್ತದೆ, ಹೊರಟರೆ ಹೋಗುತ್ತದೆ. ಅಷ್ಟೇ ಲೆಕ್ಕ.

ಡಬ್ಬಿ

ಅವರು ಬಂದ ಮಾರನೇ ದಿನವೇ ಪೈಪ್ ರಿಪೇರಿ ಅಂತ ಕಾಲೊನಿಗೆಲ್ಲ ಗ್ಯಾಸ್ ನಿಲ್ಲಿಸಿದರು. ನಾನು ಕಪ್ಪಿಗೆ ನೀರು ಹಾಕಿ ಮೈಕ್ರೋವೇವ್‌ನಲ್ಲಿಟ್ಟೆ. ಅತ್ತೆ ಬಗ್ಗಿ ಗಾಜಿನೊಳಗೆ ನೋಡಿದರು.

"ಉರಿ ಎಲ್ಲಿ?"

"ಉರಿ ಇರಲ್ಲ ಅತ್ತೆ. ಕರೆಂಟಲ್ಲೇ ಬಿಸಿಯಾಗುತ್ತೆ."

"ಬೆಂಕಿ ಕಾಣದ ನೀರು ಎಷ್ಟು ಕಾದರೂ ಹಸಿ ನೀರೇ ಕಣೇ."

ಒಳಗೆ ಕಪ್ಪು ಸುತ್ತುತ್ತಿತ್ತು. "ಅಜ್ಜೀ ದೇಖೋ, ಘೂಮ್ ರಹಾ ಹೈ" ಅಂತ ಮಗಳು ಕುಣಿದಳು. ಅತ್ತೆ ಚಹಾ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದರು. ನಾನು ಹತ್ತಿರ ಹೋದರೆ, ವಾಪಸ್ ಟಿಕೆಟ್ ಮಾಡಿಸು ಅಂದರು.

"ಹೋದ ವರ್ಷ ನನ್ನ ಸೊಂಟ ಸ್ಕ್ಯಾನ್ ಮಾಡಿದ್ದೂ ಇಂಥದೇ ಡಬ್ಬಿಯಲ್ಲಿ. ಅದರಲ್ಲಿ ಯಾರಾದ್ರೂ ಚಹಾ ಮಾಡ್ತಾರಾ?"

ಎದುರು ಮನೆ

ಎದುರು ಮನೆಯ ಪಂಜಾಬಿ ಆಂಟಿಯ ಹತ್ತಿರ ಹೇಳಿಕೊಂಡೆ. ಪುಣ್ಯಾತ್ಗಿತ್ತಿ ಕೂಡಲೇ ಶುಂಠಿ ಜಜ್ಜಿ ಚಹಾ ಮಾಡಿ ಕಳಿಸಿದರು. ಅತ್ತೆ ಎರಡು ಲೋಟ ಕುಡಿದು, ಹಣೆಯ ಬಟ್ಟೆ ಬಿಚ್ಚಿದರು.

"ನೋಡು, ಬೆಂಕಿ ಮೇಲೆ ಕುದ್ದ ಚಹಾ ಅಂದ್ರೆ ಇದು."

ಆಂಟಿಯ ಮನೆಯಲ್ಲೂ ಗ್ಯಾಸ್ ಇರಲಿಲ್ಲ, ಅವರದು ಕರೆಂಟಿನ ಇಂಡಕ್ಷನ್ ಒಲೆ. ನಾನು ತುಟಿ ಬಿಚ್ಚಲಿಲ್ಲ. ಆದರೆ ಸಂಜೆ ಪಾತ್ರೆ ಹಿಂದಿರುಗಿಸಲು ಅತ್ತೆ ತಾವೇ ಹೋದರು, ಆಂಟಿ ಪ್ರೀತಿಯಿಂದ ಅಡುಗೆಮನೆಗೇ ಕರೆದೊಯ್ದರು. ಕಪ್ಪು ಗಾಜಿನ ಹಲಗೆಯ ಮೇಲೆ ಹಾಲು ಉಕ್ಕುತ್ತಿತ್ತು, ಉರಿ ಎಲ್ಲೂ ಇಲ್ಲ. ಅತ್ತೆ ವಾಪಸ್ ಬಂದು ನಮ್ಮ ಮೈಕ್ರೋವೇವ್ ಎದುರು ಕೂತರು.

"ಎರಡು ಲೋಟ ಕುಡಿದಾಗಿದೆ" ಅಂದರು ಕೊನೆಗೆ. "ಇನ್ನು ನಿನ್ನ ಡಬ್ಬಿದೂ ಕುಡಿದರೆ ನನ್ನದೇನು ಹೋಗುತ್ತೆ, ತಾ."

ಸೋಮವಾರ

ಗ್ಯಾಸ್ ಇನ್ನೂ ಬಂದಿರಲಿಲ್ಲ. ಅತ್ತೆಗೆ ಗುಂಡಿ ಒತ್ತುವುದನ್ನು ಕಲಿಸಿ ಆಫೀಸಿಗೆ ಹೋದೆ. ಕುರ್ಚಿ ಬಿಸಿಯಾಗುವ ಮುಂಚೆಯೇ ಅತ್ತೆಯ ಫೋನು.

"ಬೇಗ ಬಾ. ನಿನ್ನ ಡಬ್ಬಿ ಸರಿಯಿಲ್ಲ. ನನಗೆ ಇಲ್ಲಿರೋಕೆ ಆಗಲ್ಲ."

ಸುಟ್ಟಿತೋ, ಸಿಡಿಯಿತೋ, ಮಗುವಿಗೇನಾಯಿತೋ! ಹಾಜರಾದ ದಿನವೇ ಅರ್ಧ ದಿನ ರಜೆ ಕೇಳಿದೆ. ಸಾಹೇಬರು "ಅಚ್ಛಾ" ಅಂದ ರೀತಿಯಲ್ಲಿ ಏನೂ ಅಚ್ಛಾ ಇರಲಿಲ್ಲ. ಮೆಟ್ರೋದಲ್ಲಿ ದಾರಿಯುದ್ದಕ್ಕೂ ದೇವರನ್ನು ನೆನೆದೆ.

ಬಾಗಿಲು ತೆರೆದರೆ ಮಗಳು ಆರಾಮಾಗಿ ಆಡುತ್ತಿದ್ದಳು. ಪಕ್ಕದಲ್ಲಿ ಅತ್ತೆಯ ಬ್ಯಾಗು, ಕಟ್ಟಿ ಸಿದ್ಧ.

"ಏನಾಯ್ತು ಅತ್ತೆ?"

"ನಿನ್ನೆ ಕಪ್ಪು ಬಲಕ್ಕೆ ಸುತ್ತುತ್ತಿತ್ತು. ಚೆನ್ನಾಗಿ ಪ್ರದಕ್ಷಿಣೆ ಹಾಕುತ್ತೆ, ಇರಲಿ ಅಂತ ಒಪ್ಪಿಕೊಂಡೆ. ಇವತ್ತು ನೋಡು, ಎಡಕ್ಕೆ! ಬೆಳಬೆಳಗ್ಗೆ ಅಪ್ರದಕ್ಷಿಣೆ ಹಾಕಿದ ನೀರು ಕುಡಿಯೋದಾ?"

ಜೀವ ಬಂದ ಹಾಗಾಯಿತು. ಅಲ್ಲೇ ನೆಲಕ್ಕೆ ಕುಸಿದು ನಕ್ಕೆ. ಆಮೇಲೆ ಎದ್ದು, ಬೇರೆ ಕಪ್ಪಿನಲ್ಲಿ ನೀರಿಟ್ಟು ಗುಂಡಿ ಒತ್ತಿದೆ, ಎಡಕ್ಕೇ ಹೋಯಿತು, ನಿಲ್ಲಿಸಿ ಮತ್ತೆ ಒತ್ತಿದೆ. ನನ್ನ ಪುಣ್ಯ, ಒಳಗಿನ ತಟ್ಟೆ ಬಲಕ್ಕೆ ತಿರುಗಿತು. ಅದರ ಸ್ವಭಾವವೇ ಹಾಗೆ, ಒಮ್ಮೆ ಹೀಗೆ, ಒಮ್ಮೆ ಹಾಗೆ.

"ಎಡಕ್ಕೆ ಹೋದರೆ ನಿಲ್ಲಿಸಿ ಇನ್ನೊಮ್ಮೆ ಒತ್ತಿ, ಅಷ್ಟೇ."

"ಅಷ್ಟೇನಾ? ಮೊದಲೇ ಹೇಳಬಾರದಾ" ಅಂತ ಅತ್ತೆ ಬ್ಯಾಗು ಬಿಚ್ಚತೊಡಗಿದರು. ಸೀರೆಗಳು ಒಂದೊಂದಾಗಿ ಕಪಾಟಿಗೆ ಹೋಗುವುದನ್ನು ಕಣ್ಣು ತುಂಬ ನೋಡಿದೆ. ನನ್ನ ಕೆಲಸ ಉಳಿಯಿತು.

ಬೆಳಗಿನ ಕಪ್ಪು ಇನ್ನೂ ಕಟ್ಟೆಯ ಮೇಲಿತ್ತು. ಚೆಲ್ಲಲು ಕೈಗೆತ್ತಿಕೊಂಡೆ. ಅತ್ತೆ ತಡೆದರು.

"ಎಡಕ್ಕೆ ಸುತ್ತಿದ್ದನ್ನ ಯಾಕೆ ಚೆಲ್ತೀಯ? ಸಂಜೆ ನನ್ನ ಮಗ ಬರ್ತಾನಲ್ಲ, ಅವನಿಗೆ ಚಹಾ ಮಾಡಿಕೊಡು."