ದಾನಮ್ಮನಿಗೆ ಮಂಜೂರಾದ ದುಃಖ

ಅರವತ್ತು ದಾಟಿದವರ ದುಃಖವನ್ನು ಇನ್ನು ಮುಂದೆ ತೂಕದಿಂದಲೇ ನಿರ್ಧರಿಸತಕ್ಕದ್ದೆಂದು ‘ಹಿರಿಯರ ಮನೋಭಾರ ನಿವಾರಣಾ ಅಭಿಯಾನ’ದವರು ತೀರ್ಮಾನಿಸಿದರು. ದಪ್ಪಗಿದ್ದವರು ಖಿನ್ನರು, ತೆಳ್ಳಗಿದ್ದವರು ಸುಖಿಗಳು. ಖಿನ್ನರನ್ನು ವಾರಕ್ಕೊಮ್ಮೆ ಜೀಪಿನಲ್ಲಿ ಚಿತ್ತಾಪುರಕ್ಕೆ ಒಯ್ದು, ಮನಸ್ಸಿನ ಡಾಕ್ಟರ ಮುಂದೆ ಕೂರಿಸಿ ಮಾತಾಡಿಸತಕ್ಕದ್ದು.

ಗುಂಡಗುರ್ತಿಯಲ್ಲಿ ಮೊದಲು ತೂಕದ ಯಂತ್ರ ಹತ್ತಿದವಳು ಬಸ್ಸಮ್ಮ. ಮುಳ್ಳು ಗಿರ್ರನೆ ತಿರುಗಿತು.

“ಅಮ್ಮಾ, ನಿಮಗ ಭಾಳ ಖಿನ್ನತೆ ಅದ,” ಎಂದ ಅಭಿಯಾನದ ಅಧಿಕಾರಿ ರಮೇಶಕುಮಾರ.

ಬಸ್ಸಮ್ಮ ಹೊಟ್ಟೆ ಕುಣಿಯುವಂತೆ ನಕ್ಕಳು. ನಗುವುದು ರೋಗ ಮುಚ್ಚಿಡುವ ಲಕ್ಷಣವೆಂದು ಆತ ಬರೆದುಕೊಂಡ.

ಹಿಂದೆ ನಿಂತವಳು ಪಕ್ಕದ ಮನೆಯ ದಾನಮ್ಮ. ಅಕ್ಕ ತೀರಿಕೊಂಡಂದಿನಿಂದ ಅವಳು ಉಣ್ಣುವುದನ್ನೇ ಬಿಟ್ಟು, ಕುಂತಲ್ಲೇ ಕೂತು ಗೋಡೆ ನೋಡುತ್ತಿದ್ದಳು. ಅವಳು ಹತ್ತಿದರೆ ಮುಳ್ಳು ಅಲುಗಲು ಹಿಂದೆಮುಂದೆ ನೋಡಿತು.

“ಪರಮಸುಖಿ,” ಎಂದ ರಮೇಶಕುಮಾರ.

“ಸಾಹೇಬ್ರ, ಆಕಿ ಮಾತೇ ಆಡವಲ್ಲಳ್ರಿ,” ಎಂದಳು ಬಸ್ಸಮ್ಮ. “ನನ್ನ ಬದ್ಲಿ ಆಕಿನ್ನ ಒಯ್ರಿ.”

“ಒಬ್ಬರ ದುಃಖ ಇನ್ನೊಬ್ಬರ ಹೆಸರಿಗಿ ಮಾಡ್ಲಿಕ್ಕ ಬರಂಗಿಲ್ರಿ. ಮೊದ್ಲು ಅವ್ರು ದಪ್ಪ ಆಗ್ಲಿ. ಆಮ್ಯಾಲ ದುಃಖ ಮಂಜೂರ ಮಾಡ್ತೀವಿ.”

ಬಸ್ಸಮ್ಮ ದಾರಿಯುದ್ದಕ್ಕೂ ಅವನನ್ನು ಬೈದಳು. ಆದರೆ ನಿಯಮ ನಿಯಮವೇ. ಮರುದಿನ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ದಾನಮ್ಮನ ಮುಂದೆ ಕುಂತಳು.

“ಉಣ್ಣು ತಂಗಿ. ನಿನಗ ದುಃಖ ಅದಂತ ಆ ಸಾಹೇಬಗ ತೋರಸಬೇಕಾಗ್ಯದ.”

ಅಕ್ಕ ಹೋದ ಮೇಲೆ ಅವಳನ್ನು ತಂಗಿ ಎಂದವರಿರಲಿಲ್ಲ. ದಾನಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅತ್ತ ಮೇಲೆ ಒಂದು ತುತ್ತು ಉಂಡಳು. ಮತ್ತೊಂದು ದಿನ ಅರ್ಧ ರೊಟ್ಟಿ. ಉಣ್ಣುತ್ತ ಅಕ್ಕನ ಮಾತು ತೆಗೆದಳು. ತೊಗರಿ ಹೊಲದಲ್ಲಿ ಅಕ್ಕ ಗೌಡನ ನಡಿಗೆ ಅಣಕಿಸುತ್ತಿದ್ದುದನ್ನು ಎದ್ದು ಮಾಡಿ ತೋರಿಸಿದಳು. ಬರಬರುತ್ತ ಮೈ ತುಂಬಿತು. ಕುಪ್ಪಸದ ಹೊಲಿಗೆ ಬಿಚ್ಚಿಸಬೇಕಾಯಿತು.

ಮುಂದಿನ ತಪಾಸಣೆಗೆ ಇಬ್ಬರೂ ಕಿಸಿಕಿಸಿ ನಗುತ್ತಲೇ ಬಂದರು. ದಾನಮ್ಮ ಹತ್ತಿದಳು. ಮುಳ್ಳು ಗೆರೆ ದಾಟಿತು. ರಮೇಶಕುಮಾರ ಎದ್ದು ನಿಂತು ಘೋಷಿಸಿದ:

“ಸದರಿ ದಾನಮ್ಮನವರು ಇಂದಿನಿಂದ ಖಿನ್ನರು.”

ಜನ ಚಪ್ಪಾಳೆ ತಟ್ಟಿದರು.

“ಈಗ ನನಗ ಆರಾಮ ಅದರಿ,” ಎಂದಳು ದಾನಮ್ಮ.

“ಅದನ್ನ ನೀವು ಹೇಳಬಾರದ್ರಿ,” ಎಂದು ಆತ ಮೆಲ್ಲಗೆ ತಿಳಿಹೇಳಿದ.

ಜೀಪು ಹತ್ತುವಾಗ ಓಣಿಯ ಹೆಂಗಸರೆಲ್ಲ ಬಂದು ದಾನಮ್ಮನ ಬಾಯಿಗೆ ಸಕ್ಕರೆ ಹಾಕಿದರು. ಎದುರು ಮನೆಯ ಭೀಮಬಾಯಿ ತನ್ನ ಕಡ್ಡಿಯಂಥ ತೋಳು ಸವರಿಕೊಂಡು ನಿಟ್ಟುಸಿರಿಟ್ಟಳು.

“ಪುಣ್ಯವಂತಿ, ನಿಂದು ಆತು. ನಮ್ಮ ದುಃಖ ಯಾವಾಗ ಮಂಜೂರ ಆಗ್ತದೋ.”